ಸಜ್ಜೆ ರೊಟ್ಟಿ ಮಾರಾಟಕ್ಕೆ ಬಂದ ದಿನ

ಧಾರವಾಡದಲ್ಲಿ ನಮ್ಮದೊಂದು ಸಣ್ಣ ರೊಟ್ಟಿ ಘಟಕ. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಇಷ್ಟೇ ನಮ್ಮ ಮಾಲು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತ್ತಲ್ಲ, ಆ ವರ್ಷ ಬೆಂಗಳೂರಿನ ಗಿರಾಕಿಗಳು ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಸಜ್ಜೆ ಹಿಟ್ಟು ಪ್ಯಾಕೆಟ್ ಮಾಡಿ ಕಳಿಸಿ."

ಹಿಟ್ಟು ಸುಲಭದ ವ್ಯಾಪಾರ. ಆದರೆ ಸಜ್ಜೆಯಲ್ಲಿ ಜೋಳಕ್ಕಿಂತ ಎಣ್ಣೆ ಅಂಶ ಜಾಸ್ತಿ. ಬೀಸಿದ ಮೇಲೆ ಅದು ಬೇಗ ಕೆಟ್ಟು ಹಿಟ್ಟು ಕಹಿಯಾಗುತ್ತದೆ. ನಮ್ಮಲ್ಲಿ ರೊಟ್ಟಿ ಬಡಿಯುವ ಹಿರಿಯ ಹೆಣ್ಣುಮಗಳು ಕೇಳಿದ ಕೂಡಲೇ ಅಂದಿದ್ದರು: "ಸಜ್ಜಿ ಹಿಟ್ಟು ಬೀಸಿದಾಗ ತಿನ್ನಬೇಕ್ರೀ, ಇಟ್ಟು ತಿನ್ನೋದಲ್ಲ." ಆದರೂ ಕೆಲವು ಪ್ಯಾಕೆಟ್ ಸೀಲ್ ಮಾಡಿ ಇಟ್ಟು, ದಿನಾ ಚಿಟಿಕೆ ಚಿಟಿಕೆ ಬಾಯಿಗೆ ಹಾಕಿ ನೋಡಿದೆವು. ಮೊದಲು ವಾಸನೆ ಬದಲಾಯಿತು, ಆಮೇಲೆ ನಾಲಿಗೆಯ ಹಿಂಭಾಗಕ್ಕೆ ಕಹಿ ಹತ್ತಿತು. ಅಂಗಡಿ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುವ ಅಂಥ ಹಿಟ್ಟಿನ ಮೇಲೆ ನಮ್ಮ ಹೆಸರು ಹಾಕಲು ಮನಸ್ಸಾಗಲಿಲ್ಲ.

ಹಾಗಾದರೆ ರೊಟ್ಟಿಯನ್ನೇ ಕೊಡೋಣ ಅಂತಾಯಿತು. ತಾಜಾ ಬೀಸಿದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಬಡಿದು, ಮೇಲೆ ಎಳ್ಳು ಒತ್ತಿ, ಕಡಕ್ ಆಗುವವರೆಗೆ ಸುಟ್ಟರೆ ಹಿಟ್ಟಿಗಿಂತ ಎಷ್ಟೋ ಹೆಚ್ಚು ದಿನ ತಾಳುತ್ತದೆ. ಪೂರ್ತಿ ಆರಿದ ಮೇಲೆಯೇ ಪ್ಯಾಕ್ ಮಾಡಬೇಕು, ಸ್ವಲ್ಪ ಬಿಸಿ ಉಳಿದರೂ ಒಳಗೆ ಬೆವರಿ ಮೆತ್ತಗಾಗುತ್ತದೆ. ಕೊರಿಯರ್‌ನಲ್ಲಿ ದೊಡ್ಡ ರೊಟ್ಟಿ ಚೂರಾಗುತ್ತಿತ್ತು, ಅದಕ್ಕೇ ಅಂಗೈಯಗಲದ್ದು ಮಾಡೋಣ ಅಂದೆ.

ಕೆಲಸದವರು ಒಪ್ಪಲಿಲ್ಲ. ಅವರ ಮಾತಿನಲ್ಲಿ ನ್ಯಾಯವಿತ್ತು. ನಮ್ಮಲ್ಲಿ ಕೂಲಿ ರೊಟ್ಟಿಯ ಲೆಕ್ಕದ ಮೇಲೆ. ರೊಟ್ಟಿ ಸಣ್ಣದಾದರೆ ಹಿಟ್ಟು ಉಳಿಯುತ್ತದೆ, ಕೈಗೆಲಸ ಉಳಿಯುವುದಿಲ್ಲ. ಬಡಿಯುವುದು, ತಿರುವುವುದು, ಬಟ್ಟೆಯಿಂದ ಒತ್ತಿ ಸುಡುವುದು ಎಲ್ಲ ಅಷ್ಟೇ. ಮೇಲೆ ಎಳ್ಳು ಹಚ್ಚುವ ಕೆಲಸ ಬೇರೆ. ಗಿರಾಕಿ ಮಾತ್ರ ಗಾತ್ರ ನೋಡಿ ಬೆಲೆ ಕೇಳುತ್ತಾನೆ. ಹೊಸ ಮಾಲಿನ ಬೆಲೆ ಇಳಿಸಲು ಅವರ ಕೂಲಿಗೆ ಕೈ ಹಾಕುವುದು ನನಗೆ ಸರಿ ಕಾಣಲಿಲ್ಲ. ದೊಡ್ಡ ರೊಟ್ಟಿಯ ಕೂಲಿಯನ್ನೇ ಇಟ್ಟು, ಎಳ್ಳಿಗೆ ಮೇಲೊಂದಿಷ್ಟು ಸೇರಿಸಿ, ಹತ್ತರ ಪ್ಯಾಕೆಟ್ಟಿಗೆ 90 ರೂಪಾಯಿ ಅಂತ ಬರೆದೆವು. ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು ಅನ್ನುವುದು, ಎಲ್ಲ ಅಚ್ಚಾಯಿತು. ಆ ಕೊನೆಯ ಅವಧಿಯನ್ನು ಬೇಕಂತಲೇ ಕಡಿಮೆ ಇಟ್ಟೆವು.

ಸಂಕ್ರಾಂತಿಗೆ ಮುಂಚಿನ ಭಾನುವಾರ, ಸ್ತ್ರೀಶಕ್ತಿ ಸಂಘಗಳ ಮಾರಾಟ ಮೇಳದಲ್ಲಿ ಮೊದಲ ಸಲ ಇಟ್ಟೆವು. ನಮ್ಮ ಕಡೆ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಆಗಲೇಬೇಕು. ಆದರೂ ಬೆಳಿಗ್ಗೆ ಬಂದವರೆಲ್ಲ ಪ್ಯಾಕೆಟ್ ಎತ್ತಿ, "ಇಷ್ಟು ಸಣ್ಣದಕ್ಕ ಇಷ್ಟ್ ರೇಟಾ?" ಅಂತ ಇಟ್ಟು ಹೋದರು. ಆಗ ಹಿರಿಯಾಕೆ ಯಾರನ್ನೂ ಕೇಳದೆ ಒಂದು ಪ್ಯಾಕೆಟ್ ಒಡೆದರು. ರೊಟ್ಟಿ ಮುರಿದು, ಬೆಣ್ಣೆ, ಗುರೆಳ್ಳು ಚಟ್ನಿ ಹಚ್ಚಿ, ಎದುರು ನಿಂತವರ ಕೈಗಿಟ್ಟರು. "ಹಿಟ್ಟು ನಿನ್ನೆ ಬೀಸಿದ್ದು, ಕಹಿ ಬಂದ್ರ ರೊಕ್ಕ ಬ್ಯಾಡ." ನಾನು ಬರೆಸಿದ್ದ ಬೋರ್ಡಿನಲ್ಲಿ ಸುಣ್ಣದಂಶ, ಕಬ್ಬಿಣದಂಶ ಅಂತೆಲ್ಲ ಇತ್ತು. ಅದನ್ನು ಓದಿ ಕೊಂಡವರನ್ನು ನಾನು ಕಾಣೆ. ಕಹಿ ಇಲ್ಲ ಅನ್ನುವ ಮಾತಿಗೆ ಜನ ನಿಂತರು. ಸಜ್ಜೆ ತಿಂದು ಬೆಳೆದವರಿಗೆ ಆ ಕಹಿ ಗೊತ್ತಲ್ವಾ!

ಮಧ್ಯಾಹ್ನದ ಹೊತ್ತಿಗೆ ಟೇಬಲ್ ಖಾಲಿ. ಪುಣೆಯಲ್ಲಿ ಮಗಳಿದ್ದಾಳೆ, ಅಲ್ಲಿಗೆ ಕಳಿಸ್ತೀರಾ ಅಂತ ಒಬ್ಬರು ವಿಳಾಸ ಬರೆಸಿದರು. ಒಂದು ಅಂಗಡಿಯವರು ವರ್ಷಪೂರ್ತಿ ಕೊಡಿ, ಮುಂಗಡ ಕೊಡ್ತೀನಿ ಅಂದರು. ಒಳ್ಳೆಯ ಆರ್ಡರ್. ಆದರೆ ಬೇಸಿಗೆಯಲ್ಲಿ ಸಜ್ಜೆ ಉಷ್ಣ ಅಂತ ನಮ್ಮ ಜನ ಕೈ ಹಚ್ಚುವುದಿಲ್ಲ, ಆ ಸೆಕೆಗೆ ಎಳ್ಳಿನ ಎಣ್ಣೆಯೂ ಬೇಗ ಕೆಡುತ್ತದೆ. ಹೊಸ ಸಜ್ಜೆ ಬಂದ ಮೇಲೆ ಶುರು ಮಾಡಿ ಶಿವರಾತ್ರಿಗೆ ನಿಲ್ಲಿಸುತ್ತೇವೆ, ಆಮೇಲೆ ಜೋಳದ್ದೇ ಕೊಡುತ್ತೇವೆ ಅಂದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಎರಡೂ ಕಳಿಸಿ ಅಂದರು.