ಮಳೆಗಾಲ, ಬೋಟಿಲ್ಲದ ದ್ವೀಪ, ಹತ್ತು ಜನ

ಜುಲೈ ಬಂತು ಅಂದ್ರೆ ಉಡುಪಿಯಲ್ಲಿ ಕರೆಂಟು ಹೋಗುವುದು, ಬಟ್ಟೆ ಒಣಗದೇ ಇರುವುದು, ಮತ್ತೆ ನಾನು ಹಳೇ ಪತ್ತೇದಾರಿ ಕಾದಂಬರಿ ಹಿಡಿದು ಕೂರುವುದು. ಈ ಸಲ ಅಗಾಥಾ ಕ್ರಿಸ್ಟಿಯ 'ಆ್ಯಂಡ್ ದೆನ್ ದೇರ್ ವೇರ್ ನನ್', 1939ರದ್ದು. ಇಂಗ್ಲೆಂಡಿನ ಡೆವನ್ ಕರಾವಳಿಯಾಚೆ ಒಂದು ದ್ವೀಪ, ಅಲ್ಲಿ ಸೇರಿದ ಹತ್ತು ಜನ, ರಾತ್ರಿ ಊಟ ಮುಗಿಸಿ ಕೂತಿರುವಾಗ ಗ್ರಾಮೋಫೋನಿನಿಂದ ಒಂದು ದನಿ ಒಬ್ಬೊಬ್ಬರ ಹೆಸರು ಹಿಡಿದು ಕೊಲೆ ಆರೋಪ ಓದುತ್ತದೆ. ಆಮೇಲೆ ಒಬ್ಬೊಬ್ಬರೇ ಸಾಯುತ್ತಾರೆ. ಊಟದ ಮೇಜಿನ ಮೇಲಿದ್ದ ಹತ್ತು ಪಿಂಗಾಣಿ ಬೊಂಬೆಗಳೂ ಒಂದೊಂದಾಗಿ ಕಾಣೆ. (ಪ್ರತಿ ಸಲವೂ ನಾನು ಬೊಂಬೆ ಎಣಿಸುತ್ತಲೇ ಓದುವುದು, ನಗಬೇಡಿ.)

ಮಜಾ ಅಂದ್ರೆ, ಕ್ರಿಸ್ಟಿಯ ಬೇರೆ ಕಾದಂಬರಿಗಳ ಪತ್ತೇದಾರ ಪೊಯ್ರೊ ಇಲ್ಲಿ ಬಂದು ಎಲ್ಲರನ್ನೂ ಕೂರಿಸಿ ವಿವರಿಸುವುದಿಲ್ಲ. ಮಾಜಿ ಪೊಲೀಸ್ ಒಬ್ಬನಿದ್ದಾನೆ, ಅವನೂ ಆ ಹತ್ತರಲ್ಲೇ ಒಬ್ಬ!

ದ್ವೀಪದಿಂದ ಹೊರಡೋಣ ಅಂದ್ರೆ ಬೋಟೇ ಬರುವುದಿಲ್ಲ. ಈ 'ಬೋಟ್ ಬರಲಿಲ್ಲ' ಅನ್ನುವುದು ಘಟ್ಟದ ಮೇಲಿನವರಿಗೆ ಸುಮ್ನೆ ಕತೆಗೆ ಬೇಕಾಗಿ ಮಾಡಿದ ಹಾಗೆ ಕಾಣಬಹುದು. ನಮಗಲ್ಲ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪದ ಬೋಟೂ ಬಂದ್. ನಿನ್ನೆ ಸಂಜೆ ಬಂದರಿಗೆ ಹೋಗಿದ್ದೆ. ಟಾರ್ಪಾಲು ಹೊದ್ದ ಬೋಟುಗಳು ಒಂದಕ್ಕೊಂದು ತಾಗಿ ಕಿರ್ರ್ ಅನ್ನುತ್ತಿದ್ದವು, ಮಳೆಯಲ್ಲಿ ದ್ವೀಪ ಕಾಣುತ್ತಲೇ ಇರಲಿಲ್ಲ. ಅಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ ಅಂತ ಒಂದು ಕ್ಷಣ ಮೈ ಜುಮ್ ಅಂತು.

ಕೊಲೆಗಾರ ಯಾರು ಅಂತ ಹೇಳಲ್ಲ. ನಿಜ ಹೊರಬರುವುದು ಒಂದು ಮೀನಿನ ಬೋಟಿನಿಂದ, ಅಷ್ಟು ಹೇಳಿದ್ದೇ ಜಾಸ್ತಿ ಆಯ್ತು. ಕರೆಂಟು ಹೋಯ್ತು, ಅಮ್ಮ ಕ್ಯಾಂಡಲ್ ಎಲ್ಲಿ ಅಂತ ಕೇಳುತ್ತಿದ್ದಾರೆ.