ಜಗಲಿಯ ಐದು ಮೆಟ್ಲು

ಇವತ್ತು ಬೆಳಿಗ್ಗೆ ಜಗಲಿ ಮೆಟ್ಲು ಇಳಿವಾಗ ಗೋಡೆ ಹಿಡ್ಕೊಳ್ಳಲಿಲ್ಲ ನಾನು.

ಐದೇ ಮೆಟ್ಲು. ತೀರ್ಥಹಳ್ಳಿ ಮಳೆ ಗೊತ್ತಲ್ಲ, ಅಂಗಳ ಪೂರ್ತಿ ಪಾಚಿ, ಅಮ್ಮ ಜಾರಬಾರದು ಅಂತ ಅಡಿಕೆ ಸೋಗೆ ಹಾಸಿಟ್ಟಿದ್ರು, ಕೆಳಗಿನ ಮೆಟ್ಲಲ್ಲಿ ಎಡಗಾಲು ಇಟ್ಟಾಗ ಆ ಸೋಗೆ ಚರ್ ಅಂತು, ಆಗಲೇ ಗೊತ್ತಾಗಿದ್ದು ಕೈ ಖಾಲಿ ಇದೆ ಅಂತ.

ಮಂಡಿನೋವಿಗೆ ಅಂತ ನಾಲ್ಕು ತಿಂಗಳಲ್ಲಿ ಇಳಿಸಿದ ತೂಕ 6 ಕೆಜಿ. ವಾಕಿಂಗ್ ಮಾಡಕ್ಕಾಗಲ್ಲ, ಮಂಡಿ ಬಿಡಲ್ಲ, ಹಾಗಾಗಿ ಊಟದಲ್ಲೇ ಇಳಿಸ್ಬೇಕಿತ್ತು. ಮೊದಮೊದಲು ಅನ್ನ ಒಂದನ್ನೇ ಬೈಕೊಂಡು ಕೂತಿದ್ದೆ. ಆಮೇಲೆ ನೋಡಿದ್ರೆ 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ, ಒಗ್ಗರಣೆಗೆ ಹಾಕೋ ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೇಲಿ ಹತ್ರತ್ರ 120! ಅವತ್ತಿಂದ ಅಮ್ಮ ಎಣ್ಣೆ ಡಬ್ಬಿಗೆ ಟೀ ಚಮಚ ಹಾಕಿಟ್ಟಿದಾರೆ. ಕಡುಬು ಎರಡು, ಜೊತೆಗೆ ಮೊಳಕೆ ಹೆಸರುಕಾಳಿನ ಪಲ್ಯ ಜಾಸ್ತಿ. ಬರೀ ಊಟ ಕಮ್ಮಿ ಮಾಡಿದ್ರೆ ಮಾಂಸಖಂಡನೂ ಕರಗತ್ತೆ, ಅದು ಹೋದ್ರೆ ಮಂಡಿಗೆ ಆಸರೆ ಯಾರು ಹೇಳಿ. ಅದಕ್ಕೇ ಕುರ್ಚಿ ಮೇಲೆ ಕೂತು ಕಾಲು ನೀಟಾಗಿ ಚಾಚಿ ಐದು ಎಣಿಸೋವರೆಗೆ ಹಿಡಿಯೋದು, ದಿನಾ ಎರಡು ಹೊತ್ತು. ಅಮ್ಮ ಪಕ್ಕದಲ್ಲಿ ಕೂತು ಎಣಿಸ್ತಾರೆ, ನಿಧಾನಕ್ಕೆ.

ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೇಲೂ ಮಂಡಿ ಮೇಲಿನ ಭಾರ ಸುಮಾರು 4 ಕೆಜಿಯಷ್ಟು ಕಮ್ಮಿ ಆಗತ್ತೆ ಅಂತ ಓದಿದ್ದೆ. ಇವತ್ತು ಆ ಲೆಕ್ಕ ಕಾಲಿಗೇ ಗೊತ್ತಾಯ್ತು. ನೋವು ಹೋಗಿಲ್ಲ, ರಾತ್ರಿ ಥಂಡಿಗೆ ಈಗ್ಲೂ ಕಚ್ಚತ್ತೆ.

ಅಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ರು, ಏನೂ ಅನ್ನಲಿಲ್ಲ, ಸೆರಗಲ್ಲಿ ಕಣ್ಣೊರೆಸ್ಕೊಂಡ್ರು ಅಷ್ಟೆ.

ಮಳೆ ಹೊಳವಾದ್ರೆ ನಾಳೆ ತೋಟದ ಕಾಲುಸಂಕದವರೆಗೆ ಹೋಗಿ ಬರ್ತೀನಿ.