ಸೊನ್ನೆ ಬರೆಯುವ ಡೈರಿ

ಕಾಫಿ ಬೆಳೆಯುವ ನಮ್ಮ ಕೊಡಗಿನ ಕಡೆಯ ಮನೆಗಳಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವವರು ಕಡಿಮೆ. ಇಂಚು, ಸೆಂಟ್ಸ್ ಎನ್ನುವುದೇ ರೂಢಿ. ಒಂದು ಇಂಚಿಗೆ ನೂರು ಸೆಂಟ್ಸ್. ಕಾಫಿ ಹೂ ಬಿಡಿಸುವ ಹೂಮಳೆಯ ಕಾಲದಲ್ಲಂತೂ ಸಿದ್ದಾಪುರದ ಸಂತೆಯಲ್ಲಿ, ಮದುವೆ ಊಟದ ಸಾಲಿನಲ್ಲಿ, ಸಾವಿನ ಮನೆಯ ಅಂಗಳದಲ್ಲಿ ಕೂಡ ಮೊದಲು ಕೇಳಿಬರುವ ಪ್ರಶ್ನೆ ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಂತು ಎಂಬುದೇ. ನಮ್ಮ ಅಂಗಳದ ಮೂಲೆಯಲ್ಲಿಯೂ ಒಂದು ಮಳೆಮಾಪಕವಿದೆ. ಬೆಳಿಗ್ಗೆ ಎಂಟಕ್ಕೆ ಅದರೊಳಗಿನ ನೀರನ್ನು ಅಳೆದು ಡೈರಿಯಲ್ಲಿ ಬರೆದಿಡುವ ಕೆಲಸವನ್ನು ಇಪ್ಪತ್ತೇಳು ವರ್ಷ ನನ್ನ ಹೆಂಡತಿ ಮಾಡಿದಳು. ಹೆಚ್ಚಿನ ಮನೆಗಳಲ್ಲಿ ಮಳೆ ಬಿದ್ದ ದಿನ ಮಾತ್ರ ಬರೆಯುತ್ತಾರೆ. ಇವಳು ಮಳೆಯಿಲ್ಲದ ದಿನವೂ ಹೋಗಿ ನೋಡಿ, ತಾರೀಖಿನ ಮುಂದೆ ಒಂದು ಸೊನ್ನೆ ಬರೆಯುತ್ತಿದ್ದಳು. ಸೊನ್ನೆಗೆ ಇಷ್ಟು ಶಾಯಿ ಯಾಕೆ ಖರ್ಚು ಮಾಡುತ್ತೀ ಎಂದು ನಾನೊಮ್ಮೆ ತಮಾಷೆ ಮಾಡಿದಾಗ, "ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನಾನು ನೋಡಲೇ ಇಲ್ಲವೋ, ಆಮೇಲೆ ಗೊತ್ತಾಗುವುದು ಹೇಗೆ?" ಎಂದಿದ್ದಳು. ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನನಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಅವಳು ತೀರಿಕೊಂಡಳು. ಅಂದಿನಿಂದ ಡೈರಿಯ ಹಾಳೆಗಳು ಖಾಲಿ ಉಳಿದವು. ಮಳೆ ಬಂತೋ ಇಲ್ಲವೋ ಎಂಬುದನ್ನು ನಾನು ನೋಡಲೇ ಇಲ್ಲ.

ದುಃಖದ ವಿಷಯವನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅದು ಎಲ್ಲ ಮನೆಗಳಿಗೂ ಬರುವಂಥದ್ದು. ನಾನು ಹೇಳಬೇಕೆಂದಿರುವುದು ಅದರ ಜೊತೆಗೇ ಬಂದ ಇನ್ನೊಂದು ಸ್ಥಿತಿಯನ್ನು. ದೇವರ ಮೇಲೆ ನನಗೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು, ಏಕೆಂದರೆ ಸಿಟ್ಟು ಮಾಡಲು ಎದುರಿಗೆ ಒಬ್ಬರು ಇರಬೇಕಾಗುತ್ತದೆ. ನನಗೆ ಹಾಗಾಗಲಿಲ್ಲ. ಪ್ರಾರ್ಥನೆಗೆ ಕುಳಿತರೆ ಫೋನಿನ ಆ ತುದಿಯಲ್ಲಿ ಯಾರೂ ಇಲ್ಲದಂತೆ ಅನಿಸುತ್ತಿತ್ತು. ನಮ್ಮ ಕ್ಯಾಥೊಲಿಕ್ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಮಣಿ ಎಣಿಸುತ್ತ ಜಪಸರ ಮಾಡುವ ಪದ್ಧತಿ. ಅದಕ್ಕೆ ಎರಡು ದನಿಗಳು ಬೇಕು: ಒಬ್ಬರು 'ನಮೋ ಮರಿಯಾ' ಎಂದು ಮೊದಲರ್ಧ ಹೇಳಿದರೆ ಉಳಿದವರು 'ಸಂತ ಮರಿಯಾ' ಎಂದು ಮುಗಿಸುತ್ತಾರೆ. ಐವತ್ತಮೂರು ಬಾರಿ ಎರಡೂ ಅರ್ಧಗಳನ್ನು ಒಬ್ಬನೇ ಹೇಳಿಕೊಳ್ಳುವುದು ನನ್ನಿಂದ ಒಂದು ವಾರ ಸಾಧ್ಯವಾಯಿತು. ಎಂಟನೆಯ ದಿನ ಜಪಸರವನ್ನು ಅವಳ ಕನ್ನಡಕದ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ.

ಇದಕ್ಕಿಂತ ಕಷ್ಟದ ಸಂಗತಿಯೆಂದರೆ ನಾನು ನಮ್ಮ ದೇವಾಲಯದಲ್ಲಿ ವಾಚಕ. ವಿರಾಜಪೇಟೆಯಲ್ಲಿ ದೊಡ್ಡ ವೀರರಾಜೇಂದ್ರ ಅರಸರ ಕಾಲದಲ್ಲಿ, 1792ರಲ್ಲಿ, ಸ್ಥಾಪನೆಯಾದ ಸಂತ ಅನ್ನಮ್ಮನವರ ದೇವಾಲಯದಂತೆ ನಮ್ಮದು ಹೆಸರಾದುದಲ್ಲ. ತೋಟಗಳ ನಡುವಿನ ಹೆಂಚಿನ ಮಾಡಿನ ಸಣ್ಣ ಕಟ್ಟಡ, ಹಬ್ಬದ ದಿನ ಇನ್ನೂರು ಜನ ಸೇರಿದರೆ ಹೊರಗೆ ನಿಲ್ಲಬೇಕಾಗುತ್ತದೆ. ಮೇಷ್ಟ್ರ ಉಚ್ಚಾರಣೆ ಸ್ಪಷ್ಟ ಎಂಬ ಕಾರಣಕ್ಕೆ ಇಪ್ಪತ್ತು ವರ್ಷಗಳಿಂದ ಬಲಿಪೂಜೆಯಲ್ಲಿ ಬೈಬಲಿನಿಂದ ಓದುವ ಮೊದಲ ವಾಚನ ನನ್ನ ಪಾಲಿನದು. ಒಳಗೆ ಏನೂ ಇಲ್ಲದೆ 'ಇದು ಪ್ರಭುವಿನ ವಾಕ್ಯ' ಎಂದು ಭಾನುವಾರದ ಮೇಲೆ ಭಾನುವಾರ ಹೇಳಿ ಮುಗಿಸಿ, ಜನರು ಅದಕ್ಕೆ ಕೃತಜ್ಞತೆಯ ಉತ್ತರ ಕೊಡುವುದನ್ನು ಕೇಳಿಕೊಂಡು ಕೆಳಗಿಳಿದು ಬರುವಾಗ, ಸಂತೆಯಲ್ಲಿ ಖಾಲಿ ಗೋಣಿಚೀಲ ತೂಗಿ ಮಾರಿದವನಂತೆ ನನಗೆ ನಾಚಿಕೆಯಾಗುತ್ತಿತ್ತು.

2024ರಲ್ಲಿ ಬೂದಿ ಬುಧವಾರ ಫೆಬ್ರವರಿ 14ಕ್ಕೆ ಬಂತು. ಅಂದು ಶುರುವಾಗಿ ಈಸ್ಟರ್ ಹಬ್ಬದವರೆಗೆ ನಡೆಯುವ ನಮ್ಮ ತಪಸ್ಸುಕಾಲವೂ ಕೊಡಗಿನ ರೋಬಸ್ಟಾ ಕಾಫಿ ತೋಟಗಳು ಹೂಮಳೆಗೆ ಕಾಯುವ ಕಾಲವೂ ಪ್ರತಿವರ್ಷ ಹೆಚ್ಚುಕಡಿಮೆ ಒಂದೇ. ಆ ವರ್ಷ ನಮ್ಮ ಬದಿಗೆ ಫೆಬ್ರವರಿ ಪೂರ್ತಿ ಒಣಗಿತು, ಮಾರ್ಚ್ ಕೂಡ ಒಣಗತೊಡಗಿತು. ರೋಬಸ್ಟಾ ಬೆಲೆ ಮಾತ್ರ ಹಿಂದೆಂದೂ ಕಾಣದಷ್ಟು ಏರಿತ್ತು. ಬೆಲೆ ಇದ್ದಾಗ ಬೆಳೆ ಇಲ್ಲ ಎಂಬ ಹಳೆಯ ಗೊಣಗಾಟಕ್ಕೆ ಹೊಸ ಬಲ ಬಂದಿತ್ತು. ಕೆರೆಯಲ್ಲಿ ನೀರಿದ್ದವರು ಡೀಸೆಲ್ ಪಂಪ್ ಹಚ್ಚಿ ಹಗಲುರಾತ್ರಿ ಸ್ಪ್ರಿಂಕ್ಲರ್ ತಿರುಗಿಸಿದರು. ನನ್ನ ಮೂರು ಎಕರೆಯ ಕೆರೆಯ ತಳದಲ್ಲಿ ಕೆಸರು ಬಿರುಕು ಬಿಟ್ಟಿತ್ತು. ಪಕ್ಕದ ತೋಟದ ಕೊಡವ ನೆರೆಯವರು ಕಕ್ಕಬ್ಬೆಗೆ ಹೋಗಿ ಮಳೆಯ ದೇವರಾದ ಪಾಡಿ ಇಗ್ಗುತ್ತಪ್ಪನಿಗೆ ಹರಕೆ ಹೇಳಿಕೊಂಡು ಬಂದವರು, ಬೇಲಿಯ ಬಳಿ ನಿಂತು, "ಮೇಷ್ಟ್ರೇ, ನಿಮ್ಮ ಚರ್ಚಿನಲ್ಲಿಯೂ ಮಳೆಗೆ ಒಂದು ಪ್ರಾರ್ಥನೆ ಮಾಡಿಸಿ, ಯಾರ ಮಾತು ಯಾವಾಗ ಕೇಳಿಸುತ್ತದೋ" ಎಂದರು. ಮುಂದಿನ ಭಾನುವಾರ ಮಳೆಗಾಗಿ ಬೇಡುವ ಆ ಪ್ರಾರ್ಥನೆಯನ್ನು ಓದುವ ಕೆಲಸವೂ ನನಗೇ ಬಂತು. ಇಡೀ ಧರ್ಮಕೇಂದ್ರದಲ್ಲಿ ಅದಕ್ಕೆ ನನಗಿಂತ ಅಯೋಗ್ಯನಾದವನು ಬೇರೊಬ್ಬನಿರಲಿಲ್ಲ.

ಅದೇ ತಿಂಗಳಿನಲ್ಲಿ ನಡೆದ ತಪಸ್ಸುಕಾಲದ ಧ್ಯಾನಕೂಟಕ್ಕೆ ಹೊರಗಿನಿಂದ ಬಂದಿದ್ದ ಬೋಧಕರು ಕಾಫಿಯ ಉಪಮೆ ಕೊಟ್ಟರು. ಕಾಫಿಯ ಮೊಗ್ಗು ಬಲಿಯುವುದಕ್ಕೆ ಕೆಲವು ವಾರಗಳ ಒಣಹವೆ ಬೇಕೇ ಬೇಕು, ಆತ್ಮವೂ ಹಾಗೆಯೇ ಎಂದರು. ಜನ ತಲೆದೂಗಿದರು. ನನಗೆ ಮೈ ಉರಿಯಿತು. ಮೊಗ್ಗಿಗೆ ಒಣಹವೆ ಬೇಕೆಂಬುದು ನಿಜ. ಹದವಾಗಿ ಒಣಗಿದ ಮೇಲೆ ಒಂದು ಇಂಚು ಮಳೆ ಸಿಕ್ಕಿದರೆ ಎಂಟು ಹತ್ತು ದಿನಗಳಲ್ಲಿ ತೋಟವಿಡೀ ಮಲ್ಲಿಗೆಯ ಹಾಗೆ ಘಮಘಮಿಸಿ ಬೆಳ್ಳಗಾಗುವುದೂ ನಿಜ. ಆದರೆ ಒಣಗು ಮಿತಿಮೀರಿದರೆ ಮೊಗ್ಗು ಕರಕಲಾಗಿ ಗಿಡದಲ್ಲೇ ಸಾಯುತ್ತದೆ, ಅರೆಬರೆ ಮಳೆ ಬಂದರೆ ಅರ್ಧ ಬಿರಿದು ಕೆಡುತ್ತದೆ. ಇದನ್ನು ಆ ಬೋಧಕರಿಗೆ ಯಾರೂ ಹೇಳಿರಲಿಲ್ಲ. ಬೇರೆಯವರ ಬರಗಾಲವನ್ನು ಇಷ್ಟು ಸಲೀಸಾಗಿ ಪಾಠ ಮಾಡಬಾರದು ಎಂಬುದು ನನ್ನ ಇಂದಿನ ಅಭಿಪ್ರಾಯವೂ ಹೌದು.

ಮರುದಿನವೇ ನಮ್ಮ ಗುರುಗಳ ಬಳಿ ಹೋದೆ. ಅವರು ನನ್ನ ಶಿಷ್ಯರ ವಯಸ್ಸಿನವರು. ಪಾಪನಿವೇದನೆ ಎಂದು ಶುರುಮಾಡಿ ಕೊನೆಗೆ, "ಫಾದರ್, ವಾಚನಕ್ಕೆ ಬೇರೆ ಯಾರನ್ನಾದರೂ ನೋಡಿ. ನನಗೆ ದೇವರಿದ್ದಾನೆ ಅನ್ನಿಸುವುದೇ ನಿಂತುಹೋಗಿದೆ" ಎಂದೆ. ಅವರು ಬುದ್ಧಿ ಹೇಳಲಿಲ್ಲ. ಪ್ರಾರ್ಥನೆ ಬಿಟ್ಟ ಮೇಲೆ ಬೇರೆ ಯಾವುದರಲ್ಲಾದರೂ ಸುಖ ಸಿಗುತ್ತಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ದೇವರಿಲ್ಲ ಅನ್ನಿಸಿದಾಗ ನಿರಾಳವಾಗುತ್ತದೆಯೋ ಸಂಕಟವಾಗುತ್ತದೆಯೋ ಎಂದು ಕೇಳಿದರು. ಸಂಕಟವಾಗುತ್ತದೆ ಎಂದೆ. ಆಮೇಲೆ ಅವರು ಹದಿನಾರನೆಯ ಶತಮಾನದ ಸ್ಪೇನ್ ದೇಶದ ಕಾರ್ಮೆಲ್ ಸನ್ಯಾಸಿ, ಶಿಲುಬೆಯ ಸಂತ ಯೊವಾನ್ನರ ವಿಷಯ ಹೇಳಿದರು. ಅವರ ಸುಧಾರಣೆಯನ್ನು ಸಹಿಸದ ಸ್ವಂತ ಸಭೆಯವರೇ 1577ರಲ್ಲಿ ಅವರನ್ನು ತೊಲೇದೊ ನಗರದ ಮಠದ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಸುಮಾರು ಒಂಬತ್ತು ತಿಂಗಳು ಕೂಡಿಹಾಕಿದ್ದರಂತೆ. ಸೋಮಾರಿತನದಿಂದ ಬಂದ ಒಣಗಿಗೂ ಬೇರೆ ಬಗೆಯ ಒಣಗಿಗೂ ಇರುವ ವ್ಯತ್ಯಾಸವನ್ನು ಅವರು ಗುರುತು ಹಾಕಿ ಬರೆದಿದ್ದಾರೆ. ದೇವರ ವಿಷಯದಲ್ಲೂ ಲೋಕದ ವಿಷಯದಲ್ಲೂ ರುಚಿ ಹೋಗಿರುವುದು, ಹೋಗಿದೆಯಲ್ಲ ಎಂಬ ಕೊರಗು ಮಾತ್ರ ಬಿಡದಿರುವುದು ಆ ಗುರುತುಗಳಲ್ಲಿ ಸೇರಿವೆ ಎಂದರು. ಮದರ್ ತೆರೇಸಾ ಅವರಿಗೂ ದಶಕಗಟ್ಟಲೆ ಇಂಥದೇ ಕತ್ತಲೆಯಿತ್ತೆಂಬುದು 2007ರಲ್ಲಿ ಅವರ ಪತ್ರಗಳು ಅಚ್ಚಾದಾಗ ಲೋಕಕ್ಕೆ ತಿಳಿಯಿತು ಎಂದೂ ನೆನಪಿಸಿದರು.

"ಅವರೆಲ್ಲ ಸಂತರು ಫಾದರ್. ನಾನು ಮೂರು ಎಕರೆ ರೋಬಸ್ಟಾ ಇಟ್ಟುಕೊಂಡವನು" ಎಂದೆ.

ಅವರು ನಕ್ಕುಬಿಟ್ಟರು. "ಓದುವುದನ್ನು ನಿಲ್ಲಿಸಬೇಡಿ ಮೇಷ್ಟ್ರೇ. ನೀವು ಓದುವುದು ಕೇಳುವವರಿಗಾಗಿ. ನಿಮಗೆ ಏನನ್ನಿಸುತ್ತದೆ ಎಂದು ಅವರು ಯಾರೂ ಕೇಳಿಲ್ಲವಲ್ಲ" ಎಂದರು. ಸ್ವಲ್ಪ ಒರಟಾಗಿಯೇ ಇದ್ದ ಆ ಮಾತು ಸಮಾಧಾನದ ಮಾತುಗಳಿಗಿಂತ ನನಗೆ ಹಿಡಿಸಿತು.

ಮಾರ್ಚ್ 24, ಗರಿಗಳ ಭಾನುವಾರ. ಆ ವರ್ಷದ ಸರದಿಯಲ್ಲಿ ಶುಭಸಂದೇಶಕಾರ ಮಾರ್ಕನು ಬರೆದ, ಶಿಲುಬೆಯ ಮೇಲೆ ಯೇಸು ಪಟ್ಟ ಯಾತನೆಯ ವೃತ್ತಾಂತ. ಗುರುಗಳು ಯೇಸುವಿನ ಮಾತುಗಳನ್ನು ಓದಿದರೆ ನಿರೂಪಕನ ಭಾಗ ನನ್ನದು. 'ನನ್ನ ದೇವರೇ, ಏಕೆ ನನ್ನನ್ನು ಕೈಬಿಟ್ಟೆ' ಎಂಬ ಕೂಗಿನ ನಂತರ ನನ್ನ ಸಾಲುಗಳು ಮುಂದುವರಿಯಬೇಕು. ಎಷ್ಟೋ ಬಾರಿ ಓದಿದ್ದ ಭಾಗವದು. ಅಂದು ಮೊದಲ ಬಾರಿಗೆ ನನ್ನ ಗಮನಕ್ಕೆ ಬಂದದ್ದೆಂದರೆ ಆ ಪ್ರಶ್ನೆಗೆ ಮೇಲಿನಿಂದ ಯಾವ ಮಾತೂ ಉತ್ತರವಾಗಿ ಬರುವುದಿಲ್ಲ. ಸ್ನಾನದೀಕ್ಷೆಯ ದಿನ ಆಕಾಶದಿಂದ ದನಿ ಕೇಳಿಸಿತೆಂದು ಬರೆದ ಅದೇ ಮಾರ್ಕನು ಇಲ್ಲಿ ಅಂಥ ದನಿಯನ್ನು ಬರೆದಿಲ್ಲ. ಪಕ್ಕದಲ್ಲಿದ್ದವರು ತಪ್ಪಾಗಿ ಕೇಳಿಸಿಕೊಂಡು, ಪ್ರವಾದಿ ಎಲೀಯನನ್ನು ಕರೆಯುತ್ತಿದ್ದಾನೆ ಎನ್ನುತ್ತಾರೆ, ಅಷ್ಟೇ. ನಾನು ಸಾಲುಗಳನ್ನು ಓದಿ ಮುಗಿಸಿದೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಮಾರ್ಚ್ 29ರ ಶುಭ ಶುಕ್ರವಾರಕ್ಕಾಗಿ. ಬೆಳಿಗ್ಗೆ ತೋಟದ ರಸ್ತೆಯಲ್ಲಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿ ನಡೆಯಿತು. ಸಿಲ್ವರ್ ಓಕ್ ಎಲೆಗಳು ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತಿದ್ದವು, ಹದಿನಾಲ್ಕು ಸ್ಥಳ ಮುಗಿಯುವಷ್ಟರಲ್ಲಿ ಮುಖದ ಮೇಲೆ ಕೆಂಪು ಧೂಳಿನ ಪದರ ಕೂತಿತ್ತು. ಮಧ್ಯಾಹ್ನ ಮೂರಕ್ಕೆ ಆರಾಧನೆ. ವರ್ಷದಲ್ಲಿ ಬಲಿಪೂಜೆಯೇ ಇಲ್ಲದ ದಿನವದು. ಗುರುವಾರ ರಾತ್ರಿಯೇ ಬಲಿಪೀಠದ ವಸ್ತ್ರಗಳನ್ನು ತೆಗೆದು ಬರಿದು ಮಾಡಿರುತ್ತಾರೆ. ಗಂಟೆ ಬಾರಿಸುವುದಿಲ್ಲ. ಪರಮಪ್ರಸಾದ ಇಡುವ ಪೆಟ್ಟಿಗೆಯ ಬಾಗಿಲು ತೆರೆದು ಒಳಗೆ ಖಾಲಿ ಕಾಣುತ್ತದೆ, ಅದರ ಬಳಿ ಸದಾ ಉರಿಯುವ ಕೆಂಪು ದೀಪ ಆರಿರುತ್ತದೆ. ಚಿಕ್ಕಂದಿನಿಂದ ನೋಡಿದ್ದೇ ಇದೆಲ್ಲ. ಆ ದಿನ ಒಳಗೆ ಕಾಲಿಟ್ಟಾಗ ಮಾತ್ರ, ಆರು ತಿಂಗಳಿನಿಂದ ನನ್ನ ಮನೆಯೊಳಗಿದ್ದ ಸ್ಥಿತಿಯನ್ನೇ ಯಾರೋ ಇಲ್ಲಿಯೂ ತಂದು ಜೋಡಿಸಿಟ್ಟಂತೆ ಕಂಡಿತು. ಪ್ರವೇಶದ ಹಾಡಿಲ್ಲದೆ ಗುರುಗಳು ನಡೆದು ಬಂದು ಬರಿಯ ಬಲಿಪೀಠದ ಮುಂದೆ ನೆಲದ ಮೇಲೆ ಬೋರಲಾಗಿ ಮಲಗಿದರು. ಯಾರೂ ಕೆಮ್ಮಲೂ ಇಲ್ಲ. ಈ ಖಾಲಿತನವನ್ನು ಮುಚ್ಚಿಡುವ ಅಗತ್ಯ ಇಲ್ಲಿ ಯಾರಿಗೂ ಇದ್ದಂತಿರಲಿಲ್ಲ.

ಮೊದಲ ವಾಚನ ಪ್ರವಾದಿ ಯೆಶಾಯನದು. ಪ್ರಭುವಿನ ದಾಸನನ್ನು ಒಣನೆಲದಿಂದ ಎದ್ದ ಬೇರಿಗೆ ಹೋಲಿಸುವ ಭಾಗ. ಧ್ಯಾನಕೂಟದ ಉಪಮೆ ನೆನಪಾಗಿ ಒಂದು ಕ್ಷಣ ತಡವರಿಸಿದೆ. ಆದರೆ ಇಲ್ಲಿ ಹೂವಿನ ಮಾತೇ ಇಲ್ಲ, ನೋಡಲು ಅಂದವಿಲ್ಲದ, ಜನ ಮುಖ ತಿರುಗಿಸಿಕೊಂಡ ಒಬ್ಬನ ಮಾತಿದೆ. ಇದನ್ನು ಬರೆದವನಿಗೆ ಒಣನೆಲ ಗೊತ್ತಿತ್ತು ಎಂದುಕೊಂಡು ಮುಂದೆ ಓದಿದೆ.

ಶುಭಸಂದೇಶಕಾರ ಯೊವಾನ್ನನು ಬರೆದ ಯೇಸುವಿನ ಯಾತನೆಯ ವೃತ್ತಾಂತ ಮುಗಿದ ನಂತರ ಅಂದಿನ ಹತ್ತು ದೊಡ್ಡ ಪ್ರಾರ್ಥನೆಗಳು ಬರುತ್ತವೆ. ಯಾರಿಗಾಗಿ ಬೇಡಬೇಕೆಂಬುದನ್ನು ವಾಚಕ ಹೇಳಬೇಕು, ಜನ ಮೌನವಾಗಿ ಮೊಣಕಾಲೂರಿ ಪ್ರಾರ್ಥಿಸಬೇಕು, ಆಮೇಲೆ ಗುರುಗಳು ಪ್ರಾರ್ಥನೆಯನ್ನು ಮುಗಿಸಬೇಕು. ಧರ್ಮಸಭೆಗಾಗಿ, ಜಗದ್ಗುರುಗಳಾದ ಪೋಪರಿಗಾಗಿ ಎಂದು ಒಂದೊಂದಾಗಿ ಓದುತ್ತ ಬಂದೆ. ಎಂಟನೆಯದು ದೇವರನ್ನು ನಂಬದವರಿಗಾಗಿ. ಆ ಸಾಲು ಅಲ್ಲಿದೆಯೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಇಪ್ಪತ್ತು ವರ್ಷಗಳಿಂದ ಅದನ್ನು ಎಲ್ಲಿಯೋ ದೂರದಲ್ಲಿರುವ ಯಾರಿಗೋ ಎಂದು ಓದಿಕೊಂಡು ಬಂದಿದ್ದೆ. ಅಂದು ಅದನ್ನು ಓದುವಾಗ ದನಿ ಒಡೆಯಿತು. ಮುಗಿಸಿ ತಲೆ ಎತ್ತಿದರೆ, ತೋಟದ ಲೈನ್ ಮನೆಗಳಿಂದ ಬಂದ ಹೆಂಗಸರು, ಪೇಟೆಯ ಅಂಗಡಿಯವರು, ನನ್ನ ಕೈಯಲ್ಲಿ ಪೆಟ್ಟು ತಿಂದು ಕಾಗುಣಿತ ಕಲಿತವರು, ಅವರ ಮಕ್ಕಳು, ಎಲ್ಲರೂ ಸಿಮೆಂಟಿನ ನೆಲದ ಮೇಲೆ ಮೊಣಕಾಲೂರಿದ್ದರು. ಅವರಿಗೆ ತಿಳಿಯದೆಯೇ ಅವರು ನನಗಾಗಿ ಬೇಡುತ್ತಿದ್ದರು. ಜಪಸರದಲ್ಲಿ ನಾನು ಹೇಳಲಾರದೆ ಬಿಟ್ಟ ಆ ಉಳಿದರ್ಧವನ್ನು ಇಷ್ಟೂ ಜನ ಸೇರಿ ಹೇಳುತ್ತಿದ್ದಾರೆ ಎನ್ನಿಸಿತು. ನಾನೂ ಮೊಣಕಾಲೂರಿದೆ.

ದೇವರ ಸಾನ್ನಿಧ್ಯ ಅನುಭವಕ್ಕೆ ಬಂತೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕು. ಮೈ ಜುಮ್ಮೆನ್ನಲಿಲ್ಲ, ಯಾವ ದನಿಯೂ ಕೇಳಿಸಲಿಲ್ಲ. ಖಾಲಿ ಇದ್ದದ್ದು ಖಾಲಿಯೇ ಇತ್ತು. ಆದರೆ ಅದರೊಳಗೆ ನಾನು ಒಬ್ಬನೇ ಇರಲಿಲ್ಲ, ಅದು ದೇವಾಲಯದ ಹೊರಗೂ ಇರಲಿಲ್ಲ. ಆ ಆರು ತಿಂಗಳ ಉದ್ದಕ್ಕೂ ದೇವರನ್ನು ಹುಡುಕುವುದೆಂದರೆ ಹಳೆಯ ಭಾವವನ್ನು ಹುಡುಕುವುದೆಂದು ತಿಳಿದಿದ್ದೆ. ಸಿಗದಿದ್ದಾಗ ದೇವರೇ ಇಲ್ಲವೆಂದು ಲೆಕ್ಕ ಮುಗಿಸಿದ್ದೆ.

ರಾತ್ರಿ ಗಂಜಿ ಕುಡಿದು ಬೇಗ ಮಲಗಿದೆ. ಶನಿವಾರ ಬೆಳಿಗ್ಗೆ ಎದ್ದು ಅಂಗಳಕ್ಕೆ ಹೋದೆ. ಮಳೆಮಾಪಕದ ಬಾಯಿಗೆ ಜೇಡ ಬಲೆ ಕಟ್ಟಿತ್ತು, ಒಳಗಿನ ಬಾಟಲಿಯ ತಳದಲ್ಲಿ ಧೂಳು ಗಟ್ಟಿಯಾಗಿತ್ತು. ತೊಳೆದು, ಒರೆಸಿ, ಮತ್ತೆ ಜಾಗದಲ್ಲಿಟ್ಟೆ. ನಮ್ಮಲ್ಲಿ ಮಳೆ ಬಂದದ್ದು ಅದಾದ ಎರಡು ವಾರಗಳ ಮೇಲೆ, ಅದೂ ಅರವತ್ತು ಸೆಂಟ್ಸ್. ಅಷ್ಟರಲ್ಲಿ ಮೇಲಿನ ಎಕರೆಯ ಮೊಗ್ಗು ಸುಟ್ಟುಹೋಗಿತ್ತು. ಆ ಬೆಳಿಗ್ಗೆ ಅದೆಲ್ಲ ನನಗೆ ಗೊತ್ತಿರಲಿಲ್ಲ. ಎಂಟು ಗಂಟೆಯವರೆಗೆ ಜಗಲಿಯಲ್ಲಿ ಕುಳಿತಿದ್ದು, ಬಾಟಲಿಯನ್ನು ಇನ್ನೊಮ್ಮೆ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಅವಳು ಕೊನೆಯದಾಗಿ ಬರೆದ ಹಳೆಯ ಡೈರಿಯನ್ನು ಕಪಾಟಿನೊಳಗೆ ಇಟ್ಟು, ಮಗಳು ತಂದುಕೊಟ್ಟಿದ್ದ ಹೊಸ ಡೈರಿಯನ್ನು ಬಿಡಿಸಿ, ಮಾರ್ಚ್ 30ರ ಮುಂದೆ ಒಂದು ಸೊನ್ನೆ ಬರೆದೆ.